ಸೆಕೆಂಡ್‌ಹ್ಯಾಂಡ್ ಗೇರ್‌ಬಾಕ್ಸ್ ಬಿಚ್ಚದೆ ರೇಶಿಯೋ (ಚಕ್ರದ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು ಅನ್ನೋದು) ನೋಡೋದು ಹೀಗೆ
ಹಳೇ ಫ್ರಂಟ್ ವೀಲ್ ಡ್ರೈವ್ (ಮುಂದಿನ ಚಕ್ರ ಎಳೆಯುವ) ಕಾರಿಗೆ ಗುಜರಿಯಿಂದ ಗೇರ್‌ಬಾಕ್ಸ್ ತರುವವರು ನಿಮ್ಮ ಕಾರಿನ ಕ್ಲಚ್ ಪ್ಲೇಟ್ ಜೊತೆಗೆ ಒಯ್ಯಿರಿ. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್‌ಗೆ (ಎಂಜಿನ್ ಕಡೆಯ ಶಾಫ್ಟ್) ಅದನ್ನು ತೂರಿಸಿ. ಅಲುಗಾಡದೆ ನುಣ್ಣಗೆ ಜಾರಿದರೆ ಹಲ್ಲುಗಳು ಸರಿಹೊಂದಿವೆ. ಈಗ ಶಾಫ್ಟ್ ತಿರುಗಿಸಲು ಅದೇ ಪ್ಲೇಟ್ ನಿಮಗೆ ಹಿಡಿಕೆ. ಟಾಪ್ ಗೇರ್ ಹಾಕಿ, ಒಂದು ಕಡೆಯ ಡ್ರೈವ್ ಶಾಫ್ಟ್ (ಚಕ್ರಕ್ಕೆ ಹೋಗುವ ಶಾಫ್ಟ್) ಗಟ್ಟಿಯಾಗಿ ಹಿಡಿಸಿ, ಇನ್ನೊಂದಕ್ಕೆ ಚಾಕ್‌ಪೀಸಿನ ಗುರುತು ಹಾಕಿ. ಆ ಗುರುತು ಪೂರ್ತಿ 2 ಸುತ್ತು ಬರುವಷ್ಟರಲ್ಲಿ ಪ್ಲೇಟ್ ಎಷ್ಟು ಸುತ್ತಿತೋ ಅದೇ ಆ ಗೇರಿನ ಒಟ್ಟು ರೇಶಿಯೋ. ಒಂದು ಕಡೆ ನಿಂತರೆ ಡಿಫರೆನ್ಷಿಯಲ್ (ಎರಡೂ ಚಕ್ರಗಳಿಗೆ ತಿರುಗುವಿಕೆ ಹಂಚುವ ಗೇರುಗಳು) ಇನ್ನೊಂದು ಕಡೆಯನ್ನು ದುಪ್ಪಟ್ಟು ತಿರುಗಿಸುತ್ತದೆ, ಅದಕ್ಕೇ 2 ಸುತ್ತು. ಕಾಲು ಸುತ್ತು ಅಂದಾಜಿಗೆ ಸಿಗಲ್ಲ ಅಲ್ವಾ, ಹಾಗಾಗಿ 20 ಸುತ್ತು ತಿರುಗಿಸಿ 10ರಿಂದ ಭಾಗಿಸಿ: ಪ್ಲೇಟ್ 36 ಸುತ್ತಿದರೆ 3.6. ನಿಮ್ಮ ಹಳೇ ಬಾಕ್ಸಿನದನ್ನೂ ಹೀಗೇ ಎಣಿಸಿ ಹೋಲಿಸಿ. ಹಿಡಿದ ಕಡೆ ಸ್ವಲ್ಪ ತಿರುಗಿದರೂ ಲೆಕ್ಕ ತಪ್ಪುತ್ತದೆ. ಅಂಬಾಸಿಡರ್, ಪದ್ಮಿನಿಯಂಥ ಹಿಂದಿನ ಚಕ್ರ ಎಳೆಯುವ ಗಾಡಿಗೆ ಈ ದಾರಿ ನಡೆಯಲ್ಲ, ಅಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸಿನಿಂದ ಬೇರೆಯಾಗಿ ಇರುತ್ತದೆ. ಅದಕ್ಕೆ ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದೇ ಚಕ್ರ ಎತ್ತಿ 2 ಸುತ್ತು ತಿರುಗಿಸಿ ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಉದ್ದನೆ ಶಾಫ್ಟ್) ಸುತ್ತು ಎಣಿಸಿ; ಅದು ಗೇರ್‌ಬಾಕ್ಸಿನದಲ್ಲ, ಹಿಂದಿನ ಆಕ್ಸಲ್‌ನ ರೇಶಿಯೋ. ರೇಶಿಯೋ ಬೇರೆ ಅಂತ ಆ ಆಕ್ಸಲ್‌ನ ಕ್ರೌನ್ (ದೊಡ್ಡ ಗೇರು) ಅಥವಾ ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಗೇರು) ಒಂದನ್ನೇ ಬದಲಿಸಲು ದಯವಿಟ್ಟು ಹೋಗಬೇಡಿ. ಅವು ಜೋಡಿಯಾಗಿಯೇ ಬರಬೇಕು, ಇಲ್ಲಾಂದ್ರೆ ಸುಮ್ನೆ ಕೂಗುತ್ತಾ ಸವೆಯುತ್ತವೆ.