ಸ್ಟೇರಿಂಗ್ ನಡುಗುತ್ತಿದೆಯೇ? ಯಾವಾಗ ಅಂತ ಮೊದಲು ಗಮನಿಸಿ

ಪುಣೆಯಿಂದ ಬೆಳಗಾವಿ, ಹುಬ್ಬಳ್ಳಿ ಕಡೆಗೆ ಹಳೇ ಕಾರಿನಲ್ಲಿ ಹೋಗಿಬರುವ ನಮ್ಮವರಿಗೆ ಇದು ಗೊತ್ತಿರುವ ಕಾಟ. ಸಾತಾರಾ ದಾಟಿ ರಸ್ತೆ ಖಾಲಿ ಸಿಗುತ್ತದೆ, ಮುಳ್ಳು 80 ಮುಟ್ಟುತ್ತದೆ, ಸ್ಟೇರಿಂಗ್ ನಡುಗಲು ಶುರು. ಹಳೇ ಕಾರು ಅಂದ್ರೆ ಹೀಗೇ ಅಂತ ಸುಮ್ನಿರಬೇಡಿ. ಮೊದಲು ನಾಲ್ಕೂ ಚಕ್ರದ ನಟ್ಟು ಬಿಗಿಯಾಗಿವೆಯೇ, ಗಾಳಿ ಸರಿಯಿದೆಯೇ ನೋಡಿ. ಆಮೇಲೆ, ಯಾವ ವೇಗದಲ್ಲಿ, ಏನು ಮಾಡಿದಾಗ ನಡುಗುತ್ತದೆ ಅಂತ ಬರೆದಿಟ್ಟುಕೊಳ್ಳಿ. ಮೆಕ್ಯಾನಿಕ್‌ಗೆ ಬೇಕಾದ್ದು ಅದೇ.

80ರಿಂದ 100ರ ನಡುವೆ ಮಾತ್ರ ನಡುಗಿ, ನಿಧಾನ ಮಾಡಿದರೆ ನಿಲ್ಲುತ್ತದೆಯೇ? ಸಾಮಾನ್ಯವಾಗಿ ಮುಂದಿನ ಚಕ್ರದ ಬ್ಯಾಲೆನ್ಸ್ ತಪ್ಪಿರುತ್ತದೆ. ರಿಮ್ಮಿಗೆ ಹಾಕಿದ ತೂಕದ ಚಿಕ್ಕ ತುಂಡು ಬಿದ್ದುಹೋದರೂ ಸಾಕು. ದುಡ್ಡು ಕೊಡುವ ಮೊದಲು ರಿಮ್ಮಿನ ಒಳಮೈ ನೋಡಿ. ಕಳೆದ ಮಳೆಗಾಲ ಊರಿಂದ ಬಂದ ಮೇಲೆ ನನ್ನ ಕಾರೂ ಹೀಗೇ ನಡುಗುತ್ತಿತ್ತು. ಗ್ಯಾರೇಜಿನಲ್ಲಿ ಎರಡು ಟಯರ್ ಬದಲಿಸಿ ಅಂದರು. ಮನೆಗೆ ಬಂದು ಎಡಗಡೆ ಮುಂದಿನ ಚಕ್ರದ ಹಿಂದೆ ಕೈ ಹಾಕಿದೆ. ಹೊಲದ ದಾರಿಯ ಎರೆಮಣ್ಣು ಅಂಗೈ ಅಗಲ ಮೆತ್ತಿಕೊಂಡು ಇಟ್ಟಿಗೆಯ ಹಾಗೆ ಒಣಗಿತ್ತು. ನೀರು ಬಿಟ್ಟು ನೆನೆಸಿ, ಕಟ್ಟಿಗೆ ಚೂರಿನಿಂದ ಕೆರೆದು ತೆಗೆದೆ. ಮರುದಿನ 90ರಲ್ಲೂ ಸ್ಟೇರಿಂಗ್ ಅಲ್ಲಾಡಲಿಲ್ಲ.

ಅಂದಹಾಗೆ, ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಹೊಂದಿಸುವುದು) ಬೇರೆ, ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮ ಮಾಡುವುದು) ಬೇರೆ. ಅಲೈನ್‌ಮೆಂಟ್ ತಪ್ಪಿದರೆ ಕಾರು ಒಂದು ಕಡೆ ಎಳೆಯುತ್ತದೆ, ಟಯರ್ ಒಂದೇ ಬದಿ ಸವೆಯುತ್ತದೆ. ಇಂಥ ನಡುಕಕ್ಕೆ ಮೊದಲು ಮಾಡಿಸಬೇಕಾದ್ದು ಬ್ಯಾಲೆನ್ಸಿಂಗ್.

30, 40ರಲ್ಲೇ ಸ್ಟೇರಿಂಗ್ ಎಡಬಲ ತೂಗಾಡಿದರೆ ಟಯರ್ ಉಬ್ಬಿರಬಹುದು, ಇಲ್ಲವೇ ಗುಂಡಿಗೆ ಬಿದ್ದು ರಿಮ್ ಬೆಂಡಾಗಿರಬಹುದು. ಟಯರಿನ ಎರಡೂ ಪಕ್ಕ ಅಂಗೈಯಿಂದ ಮೆಲ್ಲಗೆ ಸವರಿ. ತಂತಿ ಎದ್ದಿದ್ದೀತು, ಜೋಕೆ. ಉಬ್ಬು ಸಿಕ್ಕರೆ ಆ ಟಯರ್ ಹೈವೇಗೆ ಬೇಡವೇ ಬೇಡ, ಸಿಡಿಯಬಹುದು. ಅದರ ವಯಸ್ಸೂ ನೋಡಿ. ಪಕ್ಕದಲ್ಲಿ DOT ಅಂತ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ 2317 ಅಂತಿದ್ದರೆ, 2017ರ 23ನೇ ವಾರ ತಯಾರಾದದ್ದು.

ಯಾವ ಚಕ್ರ ಅಂತ ಅನುಮಾನವಿದ್ದರೆ ಮುಂದಿನದನ್ನು ಹಿಂದಕ್ಕೆ ಹಾಕಿಸಿ. ನಡುಕ ಸ್ಟೇರಿಂಗ್ ಬಿಟ್ಟು ಸೀಟಿಗೆ ಬಂದರೆ ದೋಷ ಆ ಚಕ್ರದ್ದೇ.

ಬ್ರೇಕ್ ಒತ್ತಿದಾಗ ಮಾತ್ರ ನಡುಗಿ, ಪೆಡಲ್ ಕೂಡ ಕಾಲಿಗೆ ಮಿಡಿದರೆ ಮುಂದಿನ ಬ್ರೇಕ್ ಡಿಸ್ಕ್ (ಚಕ್ರದ ಜೊತೆ ತಿರುಗುವ, ಬ್ರೇಕ್ ಹಿಡಿಯುವ ಲೋಹದ ತಟ್ಟೆ) ನೋಡಿಸಿ. ಊರಿಂದ ವಾಪಸ್ ಬರುವಾಗ ಪುಣೆ ಹತ್ತಿರ ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆವರೆಗೆ ಉದ್ದ ಇಳಿಜಾರು ಅಲ್ವಾ? ಅಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಡಿಸ್ಕ್ ಜಾಸ್ತಿ ಕಾಯುತ್ತದೆ. ಕೆಳಗಿನ ಗೇರಿನಲ್ಲೇ ಇಳಿಯಿರಿ. ಡಿಸ್ಕ್ ಹೆರೆಸಿ ಸಮ ಮಾಡಿಸಲು ಲೇತಿಗೆ ಕೊಡುವ ಮೊದಲು ದಪ್ಪ ಅಳೆಸಿ. ಕಂಪನಿ ಹೇಳಿದ ಕನಿಷ್ಠ ದಪ್ಪಕ್ಕಿಂತ ತೆಳುವಾಗಿದ್ದರೆ ಎಡಬಲ ಎರಡೂ ಚಕ್ರಕ್ಕೆ ಹೊಸದೇ ಹಾಕಿಸಬೇಕು.

ಸಿಗ್ನಲ್ಲಿನಲ್ಲಿ ನಿಂತಾಗಲೂ ನಡುಗಿದರೆ ಇಂಜಿನ್ ಮೌಂಟಿಂಗ್ (ಇಂಜಿನ್ ಕೂರಿಸುವ ರಬ್ಬರಿನ ಆಧಾರ) ನೋಡಿಸಿ. ಎಕ್ಸಲರೇಟರ್ ಒತ್ತಿದಾಗ ಮಾತ್ರ ಆದರೆ ಡ್ರೈವ್ ಶಾಫ್ಟ್ (ಚಕ್ರಕ್ಕೆ ಶಕ್ತಿ ಒಯ್ಯುವ ಸರಳು) ಜಾಯಿಂಟ್ ನೋಡಿಸಿ.

ಕೊನೆಗೆ, ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂದಿನ ಚಕ್ರ ಜಾಕಿನಲ್ಲಿ ಎತ್ತಿ. ಕಾರಿನ ಕೆಳಗೆ ಮಾತ್ರ ನುಗ್ಗಬೇಡಿ. ಚಕ್ರದ ಎಡಬಲ ಹಿಡಿದು ಅಲ್ಲಾಡಿಸಿದಾಗ ಕಟ್ ಕಟ್ ಅಂದರೆ ಟೈ ರಾಡ್ ಎಂಡ್ (ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳಿನ ತುದಿ) ಸವೆದಿರಬಹುದು. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸದ್ದಾದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಸಸ್ಪೆನ್ಶನ್‌ಗೆ ಸೇರಿಸುವ ಕೀಲು). ಇವೆರಡರಲ್ಲಿ ಯಾವುದಿದ್ದರೂ ಊರಿನ ಪ್ರಯಾಣ ಮುಂದೂಡಿ, ಮೊದಲು ಅದನ್ನು ಸರಿಮಾಡಿಸಿ.