ಈಕೋದಲ್ಲಿ ಹಾಸಿಗೆ, ಹನ್ನೊಂದು ದಿನ: ಲಕ್ಕುಂಡಿಯಿಂದ ಇಕ್ಕೇರಿವರೆಗೆ

ದಾವಣಗೆರೆಯಿಂದ ಹೊರಟು ಲಕ್ಕುಂಡಿ, ಇಟಗಿ, ಐಹೊಳೆ, ಪಟ್ಟದಕಲ್ಲು, ಬಾದಾಮಿ, ಹಾನಗಲ್ಲು, ಬನವಾಸಿ, ಬಳ್ಳಿಗಾವಿ, ಕೆಳದಿ, ಇಕ್ಕೇರಿಯ ಹಳೇ ಗುಡಿಗಳನ್ನು ನೋಡಿಕೊಂಡು ಶಿವಮೊಗ್ಗದ ಮೇಲೆ ವಾಪಸ್ ಬಂದೆವು. ಹನ್ನೊಂದು ದಿನ, ಹತ್ತಿರ ಹತ್ತಿರ 870 ಕಿಲೋಮೀಟರು. ಹುಬ್ಬಳ್ಳಿಯಲ್ಲಿ ಅಕ್ಕನ ಮನೆಯ ಒಂದು ರಾತ್ರಿ ಬಿಟ್ಟರೆ ಉಳಿದ ಒಂಬತ್ತು ರಾತ್ರಿಯೂ ನಾನೂ ನನ್ನ ಹೆಂಡತಿಯೂ ಮಲಗಿದ್ದು ನಮ್ಮ ಹಳೇ ಮಾರುತಿ ಈಕೋ ವ್ಯಾನಿನಲ್ಲೇ. ಟೆಂಪೋ ಟ್ರಾವೆಲರ್ ಇಲ್ಲದೆ ಇದು ಆಗೋ ಕೆಲಸ ಅಲ್ಲ ಅಂತ ಎರಡು ವರ್ಷ ಹೇಳಿದವರೆಲ್ಲ ಈಗ ಫೋನ್ ಮಾಡಿ ಅಳತೆ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಮೊದಲ ಸಲ ಪೂರ್ತಿ ಕೆಟ್ಟಿತು. ಒಂದಿಂಚಿನ ಚೌಕ ಪೈಪಿನ ಫ್ರೇಮು, ಅದರ ಮೇಲೆ 18 ಎಂಎಂ ಪ್ಲೈವುಡ್, ಪಕ್ಕಕ್ಕೆ ಸಿಂಕು, ಒಲೆ ಕಟ್ಟೆ, ಮೇಲೆ ಕಪಾಟು. ಎಲ್ಲವನ್ನೂ ಫ್ಲೋರಿಗೆ ತೂತು ಹೊಡೆದು ಬೋಲ್ಟ್ ಹಾಕಿ ಬಿಗಿದಿದ್ದೆ. ತೂಕವೇ ನೂರು ಕೆಜಿ ದಾಟಿತ್ತು. ಖರ್ಚು 74 ಸಾವಿರ. ಚಿತ್ರದುರ್ಗದ ಕೋಟೆ ನೋಡಿ ಬರುವಾಗ ತಪಾಸಣೆಗೆ ನಿಲ್ಲಿಸಿದರು. ಆರ್‌ಸಿಯಲ್ಲಿ ಇರೋದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, 2019ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಇನ್ನೂ ಬಿಗಿಯಾಗಿದೆ. ಆರ್‌ಸಿಯಲ್ಲಿ ಐದು ಸೀಟು, ಒಳಗೆ ಅಡುಗೆಮನೆ. ದಂಡ ಕಟ್ಟಿ ಬಂದು ಎಲ್ಲ ಬಿಚ್ಚಿದೆ. ಗುಜರಿಗೆ ಹಾಕಿದರೆ ಆರು ಸಾವಿರ ಸಿಕ್ಕಿತು. ಫ್ಲೋರಿನ ತೂತುಗಳನ್ನು ಹಾಗೇ ಬಿಟ್ಟಿದ್ದೆ. ಮಳೆಗಾಲದಲ್ಲಿ ಕೆಳಗಿಂದ ನೀರೆದ್ದು ಮ್ಯಾಟಿನಡಿ ಪೂರ್ತಿ ತುಕ್ಕು. ಟಿಂಕರಿಂಗ್‌ಗೆ ಮತ್ತೆ ನಾಲ್ಕೂವರೆ ಸಾವಿರ.

ಎರಡನೇ ಸಲ ಒಂದೇ ಹಟ: ಗಾಡಿಗೆ ಒಂದು ಸ್ಕ್ರೂ ಕೂಡ ಬೀಳಬಾರದು. ಹಾಸಿಗೆ ಅನ್ನೋದು ಲಗೇಜು, ಅಷ್ಟೇ. ಹಿಂದಿನ ಸೀಟಿನ ಬೆನ್ನು ಮಡಚಿ, ಡಿಕ್ಕಿಯಲ್ಲಿ ಎರಡು ಅಲ್ಯೂಮಿನಿಯಂ ಟ್ರಂಕು ಇಟ್ಟು, ಅವುಗಳ ಮೇಲೆ 12 ಎಂಎಂ ಮರೈನ್ ಪ್ಲೈನ ಮೂರು ತುಂಡು. ಮೂರನೇ ತುಂಡು ಮುಂದಿನ ಸೀಟಿನ ಮೇಲೆ ಕೂರುತ್ತದೆ, ಆಗ ಆರಡಿ ಉದ್ದ ಸಿಗುತ್ತದೆ. ಆ ಮೂರನೇ ತುಂಡು ರಾತ್ರಿ ಹೊರಳಿದರೂ ಜಾರದಂತೆ ಹೇಗೆ ನಿಲ್ಲಿಸಿದೆ ಅನ್ನೋದನ್ನು ಮಾತ್ರ ಬರೆಯೋದಿಲ್ಲ. ಅದಕ್ಕೆ ನನಗೆ ನಾಲ್ಕು ತಿಂಗಳು ಹಿಡಿದಿದೆ. ಒಟ್ಟು 31 ಕೆಜಿ, ಬಿಚ್ಚೋದಕ್ಕೆ ಹನ್ನೆರಡು ನಿಮಿಷ. ಈ ಸಲವೂ ಎರಡು ಕಡೆ ಗಾಡಿ ನಿಲ್ಲಿಸಿ ನೋಡಿದರು, "ಸಾಮಾನು" ಅಂದೆ, ಬಿಟ್ಟರು.

ಕರೆಂಟಿನ ವಿಷಯದಲ್ಲಿ ಆತುರ ಮಾಡಿದ್ದು ನನ್ನದೇ ತಪ್ಪು. 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ತಂದು, ಚಾರ್ಜರಿನ ದುಡ್ಡು ಉಳಿಸೋಣ ಅಂತ ಆಲ್ಟರ್ನೇಟರಿನಿಂದ, ಅಂದರೆ ಎಂಜಿನ್ ತಿರುಗಿಸಿ ಕರೆಂಟು ಮಾಡುವ ಡೈನಮೋದಿಂದ, ನೇರ ವೈರ್ ಎಳೆದೆ. ಹರಪನಹಳ್ಳಿ ದಾಟುವಷ್ಟರಲ್ಲಿ ಸುಟ್ಟ ವಾಸನೆ. ಫ್ಯೂಸ್ ಹೋಲ್ಡರ್ ಮೇಣದ ಹಾಗೆ ಕರಗಿ ವೈರಿಗೆ ಅಂಟಿಕೊಂಡಿತ್ತು. ಖಾಲಿ ಲಿಥಿಯಂ ಬ್ಯಾಟರಿ ಎಷ್ಟು ಕೊಟ್ಟರೂ ಎಳೆದುಕೊಳ್ಳುತ್ತದೆ, ತಡೆಯೋಕೆ ನಡುವೆ ಏನೂ ಇರಲಿಲ್ಲ. ಆಮೇಲೆ ಅಷ್ಟಕ್ಕಿಂತ ಹೆಚ್ಚು ಎಳೆಯಲು ಬಿಡದ 20 ಆಂಪ್ಸಿನ ಡಿಸಿ-ಡಿಸಿ ಚಾರ್ಜರ್ ನಡುವೆ ಹಾಕಿದೆ. ದಿನಕ್ಕೆ ಎರಡು ಗಂಟೆ ಓಡಿಸಿದರೆ ಸಾಕು, ರಾತ್ರಿಯ ಎರಡು ಫ್ಯಾನು, ಒಂದು ದೀಪ, ಫೋನು ಎಲ್ಲ ನಡೆಯುತ್ತದೆ.

ಅಡುಗೆಯನ್ನು ಬಿಟ್ಟಿದ್ದೇ ನಾನು ಮಾಡಿದ ದೊಡ್ಡ ಕೆಲಸ. ಆ ಬ್ಯಾಟರಿಯಲ್ಲಿ ಇರೋದು ಸುಮಾರು 1,280 ವ್ಯಾಟ್-ಅವರ್. ಇಂಡಕ್ಷನ್ ಒಲೆ ಅರ್ಧ ಗಂಟೆ ಉರಿಸಿದರೆ ಅದರಲ್ಲಿ ಅರ್ಧದ ಹತ್ತಿರ ಹೋಯಿತು, ಆಮೇಲೆ ರಾತ್ರಿ ಫ್ಯಾನಿಗೆ ಏನು? ಗಾಡಿಯೊಳಗೆ ಗ್ಯಾಸ್ ಹಚ್ಚೋದು ನನಗೆ ಒಪ್ಪಿಗೆ ಇಲ್ಲ. ಗದಗಿನಲ್ಲಿ ಎರಡು ಡಜನ್ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಕಟ್ಟಿಸಿಕೊಂಡೆವು. ಹೋದಲ್ಲೆಲ್ಲ ಮೊಸರು, ಉಳ್ಳಾಗಡ್ಡಿ ಸಿಗುತ್ತದೆ. ಮಧ್ಯಾಹ್ನ ಖಾನಾವಳಿ. ಹನ್ನೊಂದು ದಿನದಲ್ಲಿ ಒಂದು ರೊಟ್ಟಿಯೂ ಬೂಸ್ಟು ಹಿಡಿಯಲಿಲ್ಲ. ಬಳ್ಳಿಗಾವಿ ಕಡೆ ಸ್ವಲ್ಪ ಮೆತ್ತಗಾದವು, ಅಷ್ಟೇ.

ನಾವು ಹೊರಟಿದ್ದು ಮಾರ್ಚ್ ಮೊದಲ ವಾರ. ಎಂಜಿನ್ ಮುಂದಿನ ಸೀಟಿನ ಕೆಳಗೇ ಇರೋದರಿಂದ ಗಾಡಿ ನಿಲ್ಲಿಸಿ ಎರಡು ಗಂಟೆ ಆಗುವವರೆಗೆ ಹಾಸಿಗೆ ಬಿಡಿಸಬಾರದು. ಇದನ್ನು ಇಟಗಿಯಲ್ಲಿ ಬೆವರು ಸುರಿಸಿ ಕಲಿತೆವು. 1112ರ ಮಹಾದೇವ ದೇವಾಲಯ ನೋಡಿ ಸಂಜೆ ತಲೆ ತುಂಬಿಕೊಂಡಿತ್ತು, ನಿದ್ದೆ ಮಾತ್ರ ಬರಲಿಲ್ಲ. ಮರುದಿನದಿಂದ ಒಂದು ಪ್ರಯೋಗ: ಮನೆಯಿಂದ ತಂದಿದ್ದ ಲಾವಂಚದ ತಟ್ಟಿಯನ್ನು ಒದ್ದೆ ಮಾಡಿ ಕಿಟಕಿಗೆ ಕಟ್ಟಿ, ಅದರ ಹಿಂದೆ ಫ್ಯಾನು ಇಟ್ಟೆ. ಐಹೊಳೆಯ ಒಣ ಹವೆಯಲ್ಲಿ ಒಳಗಿನ ಥರ್ಮಾಮೀಟರ್ 33ರಿಂದ 28ಕ್ಕೆ ಇಳಿಯಿತು. ಘಮ ಬೇರೆ. ಅದೇ ತಟ್ಟಿ ಬನವಾಸಿಯಲ್ಲಿ ಏನೂ ಕೆಲಸ ಮಾಡಲಿಲ್ಲ. ಅಲ್ಲಿ ಹವೆಯಲ್ಲೇ ನೀರಿದೆ, ತಟ್ಟಿಯ ನೀರು ಆರೋದೇ ಇಲ್ಲ.

ಬಾದಾಮಿಯಲ್ಲಿ ಇನ್ನೊಂದು ಪಾಠ. ಸಂಜೆ ಭೂತನಾಥನ ಗುಡಿಯ ಕಡೆ ನೋಡುತ್ತ ಕೂತವರು, ಬಂಡೆ ಚೆಂದ ಅಂತ ಬೆಟ್ಟದ ಬುಡಕ್ಕೇ ಗಾಡಿ ನಿಲ್ಲಿಸಿದೆವು. ಆ ಕೆಂಪು ಮರಳುಗಲ್ಲು ಹಗಲೆಲ್ಲ ಕುಡಿದ ಬಿಸಿಲನ್ನು ನಡುರಾತ್ರಿವರೆಗೂ ಕಕ್ಕುತ್ತಿರುತ್ತದೆ. ಬಾಗಿಲ ಹತ್ತಿರ ಕೈ ಇಟ್ಟರೆ ರೊಟ್ಟಿ ಹಂಚಿನ ಪಕ್ಕ ಕೂತ ಹಾಗೆ. ಬೆಳಿಗ್ಗೆ ಆರಕ್ಕೆ ಮಂಗಗಳು ಬಂದು ಸೊಳ್ಳೆ ಪರದೆ ಹರಿದು ಬಾಳೆಹಣ್ಣಿನ ಚೀಲ ಎಳೆದುಕೊಂಡು ಹೋದವು. ಅಲ್ಲಿ ಹಾಲು ತಂದ ಹಿರಿಯರೊಬ್ಬರು, "ಇಲ್ಲ್ಯಾಕ್ ನಿಲ್ಲಿಸೀರಿ ಸರ? ಊರಾಗ ಬರ್ರಿ, ನಮ್ಮ ಹಿತ್ತಲದಾಗ ಜಾಗ ಐತಿ" ಅಂದರು. ಎರಡನೇ ರಾತ್ರಿ ಅವರ ಬೇವಿನ ಮರದ ಕೆಳಗೇ ಮಲಗಿದೆವು. ದುಡ್ಡು ಕೊಡಹೋದರೆ ಆ ಮನೆಯ ಅಮ್ಮ ಬೈದರು. ಪರದೆಯನ್ನು ಗುಳೇದಗುಡ್ಡದಲ್ಲಿ ಕೊಂಡ ಖಣದ ತುಂಡು ಹಾಕಿ ಹೊಲಿದದ್ದು ನನ್ನ ಹೆಂಡತಿ. ಈಗಲೂ ಹಾಗೇ ಇದೆ, ತೆಗೆಯೋದಿಲ್ಲ.

ಬನವಾಸಿಯಲ್ಲಿ ಸೊಳ್ಳೆಗೆ ಹೆದರಿ ಎಲ್ಲ ಕಿಟಕಿ ಮುಚ್ಚಿದೆವು. ಬೆಳಗಿನ ಜಾವ ನಾಲ್ಕಕ್ಕೆ ಹಣೆಯ ಮೇಲೆ ತಣ್ಣಗೆ ಹನಿ ಬಿತ್ತು. ಟಾರ್ಚ್ ಹಾಕಿ ನೋಡಿದರೆ ಮೇಲಿನ ತಗಡಿನ ತುಂಬ ಹನಿ, ಸಾಲಾಗಿ, ಒಂದೊಂದಾಗಿ ಉರುಳಿ ಅಂಚಿಗೆ ಬಂದು ದಿಂಬಿಗೆ ಬೀಳುತ್ತಿವೆ. ಇಬ್ಬರ ಉಸಿರೇ ಅದು. ಅಂದಿನಿಂದ ಎದುರುಬದುರು ಎರಡು ಕಿಟಕಿ ಮೂರು ಬೆರಳಷ್ಟು ತೆರೆದು, ಒಂದು ಫ್ಯಾನಿನ ಮುಖ ಹೊರಗೆ ತಿರುಗಿಸಿದೆ. ಕೆಳದಿಯಲ್ಲೂ ಇಕ್ಕೇರಿಯಲ್ಲೂ ಒಂದು ಹನಿ ಬೀಳಲಿಲ್ಲ.

ಇಷ್ಟೆಲ್ಲ ಯಾಕೆ, ಲಾಡ್ಜ್ ಮಾಡಬಹುದಿತ್ತಲ್ಲ ಅಂತ ಕೇಳುವವರಿಗೆ ಪಟ್ಟದಕಲ್ಲಿನ ಬೆಳಗು ಹೇಳುತ್ತೇನೆ. ಗೇಟು ತೆಗೆದಾಗ ಒಳಗೆ ಹೋದವರು ನಾವಿಬ್ಬರೇ. ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಎಳೆಬಿಸಿಲು ನಂದಿ ಮಂಟಪ ದಾಟಿ ಬಾಗಿಲೊಳಗೆ ನುಗ್ಗಿತು. ಜಾಲಂಧ್ರದ, ಅಂದರೆ ಕಲ್ಲಿನ ಜಾಲರಿ ಕಿಟಕಿಯ, ತೂತುಗಳಿಂದ ಬಿದ್ದ ಬೆಳಕು ಕಂಬದ ಮೇಲಿನ ಒಂದು ಪುಟ್ಟ ಆಕೃತಿಯ ಹೆಗಲಿನಿಂದ ಮೊಣಕಾಲಿಗೆ ಇಳಿದದ್ದನ್ನು ನಿಂತು ನೋಡಿದೆವು, ಇಪ್ಪತ್ತು ನಿಮಿಷ ಇರಬೇಕು. ಒಂಬತ್ತೂವರೆಗೆ ಬಸ್ಸುಗಳು ಬಂದವು, ನಾವು ಹೊರಟೆವು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವನ್ನೂ ಹೀಗೇ, ಯಾರೂ ಇಲ್ಲದ ಹೊತ್ತಿನಲ್ಲಿ ನೋಡಿದ್ದು.

ಜಾಗದ ವಿಷಯ: ಕತ್ತಲಾಗುವ ಮೊದಲು ಹೋಗಿ ಕೇಳಬೇಕು. ಮಠದ ಅಂಗಳ, ಹೆದ್ದಾರಿಯ ಪೆಟ್ರೋಲ್ ಬಂಕು, ಯಾರದಾದರೂ ಕಣ. ಹೆಂಡತಿ ಪಕ್ಕದಲ್ಲಿದ್ದು ಅವಳೇ ಮಾತಾಡಿಸಿದರೆ ಯಾರೂ ಇಲ್ಲ ಅನ್ನೋದಿಲ್ಲ. ಸ್ನಾನಕ್ಕೆ ಎರಡು ದಿನಕ್ಕೊಮ್ಮೆ ಯಾತ್ರಿ ನಿವಾಸದಲ್ಲಿ ಒಂದೆರಡು ಗಂಟೆಗೆ ಕೋಣೆ, ಇನ್ನೂರು ಮುನ್ನೂರು ರೂಪಾಯಿ. ನಮ್ಮ ಎರಡು ಒಳ್ಳೇ ಬಂಕುಗಳ ಹೆಸರು ಹೇಳೋದಿಲ್ಲ, ಎಲ್ಲರೂ ಹೋದರೆ ಅವರೂ ಬೇಸತ್ತಾರು.

ಪೆಟ್ರೋಲಿಗೆ ಆರೂವರೆ ಸಾವಿರದ ಒಳಗೆ, ಲೀಟರಿಗೆ ಹದಿನಾಲ್ಕರ ಮೇಲೆ ಕೊಟ್ಟಿತು. ಊಟ, ಟಿಕೆಟ್, ಸ್ನಾನ ಎಲ್ಲ ಸೇರಿ ಇನ್ನೊಂದು ಒಂಬತ್ತು ಸಾವಿರ. ಎರಡನೇ ಸಲದ ಹಾಸಿಗೆ, ಬ್ಯಾಟರಿ, ಚಾರ್ಜರ್, ಫ್ಯಾನು, ಪರದೆ ಸೇರಿ 58 ಸಾವಿರ ಆಗಿರಬಹುದು, ಅದರಲ್ಲಿ ಅರ್ಧ ಬ್ಯಾಟರಿಯದ್ದೇ.

ಜೂನ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಕ್ಕೆ ಹೊರಡಬೇಕು. ಮಳೆಯಲ್ಲೂ ಕಿಟಕಿ ಮೂರು ಬೆರಳು ತೆರೆದೇ ಇರಬೇಕು, ನೀರು ಒಳಗೆ ಬರಬಾರದು. ಅಕ್ರಿಲಿಕ್ ಹಾಳೆ ಬಗ್ಗಿಸಿ ಕಿಟಕಿಗೆ ಚಜ್ಜಾ ಮಾಡಿದ್ದೇನೆ. ನಿನ್ನೆ ಅಂಗಳದಲ್ಲಿ ಪೈಪು ಹಿಡಿದು ಅರ್ಧ ಗಂಟೆ ನೀರು ಹೊಡೆದೆ. ಎಡಗಡೆ ಒಣಗೇ ಇತ್ತು. ಬಲಗಡೆ ಹಿಂದಿನ ಮೂಲೆಯಲ್ಲಿ ದಿಂಬು ಒದ್ದೆ. ಅಲ್ಲಿ ಹಾಳೆಯನ್ನು ಇನ್ನೊಂದಿಂಚು ಕೆಳಗಿಳಿಸಿ ನಾಳೆ ಮತ್ತೆ ನೋಡಬೇಕು.