ಪುಟ್ಟ ಜಾಲತಾಣಕ್ಕೆ ಸರ್ವರ್ ಮತ್ತು ಹೋಸ್ಟಿಂಗ್ ಆರಿಸುವುದು ಹೇಗೆ?

ಊರಿನ ಗ್ರಂಥಾಲಯವೊಂದರ ಎಂಟು ಸಾವಿರ ಪುಸ್ತಕಗಳ ಪಟ್ಟಿಯನ್ನು ಅಂತರ್ಜಾಲಕ್ಕೆ ಏರಿಸಬೇಕಾಗಿದೆ ಎಂದುಕೊಳ್ಳೋಣ. ಓದುಗರು ಮನೆಯಲ್ಲೇ ಕುಳಿತು ಲೇಖಕರ ಹೆಸರಿನಿಂದ ಪುಸ್ತಕ ಹುಡುಕಬೇಕು, ಯಾವ ಪ್ರತಿ ಎರವಲು ಹೋಗಿದೆ ಎಂಬುದು ಕಾಣಬೇಕು, ಗ್ರಂಥಪಾಲಕರು ಸಂಜೆ ಹೊಸ ಪುಸ್ತಕಗಳನ್ನು ಸೇರಿಸಬೇಕು. ಇಂಥ ಕಡೆ ಪುಟಗಳನ್ನು ಒಮ್ಮೆ ಬರೆದಿಟ್ಟರೆ ಸಾಲದು; ಯಾರಾದರೂ ಕೇಳಿದಾಗಲೆಲ್ಲ ಡೇಟಾಬೇಸ್‌ನಿಂದ ಮಾಹಿತಿ ತೆಗೆದು ಆ ಕ್ಷಣದಲ್ಲಿ ಪುಟ ಕಟ್ಟಿಕೊಡುವ ತಂತ್ರಾಂಶ ಬೇಕು. ಡೈನಾಮಿಕ್ ಜಾಲತಾಣ ಎನ್ನುವುದು ಇದನ್ನೇ. ಸಂಘದ ಪರಿಚಯ, ವಿಳಾಸ, ಹತ್ತು ಚಿತ್ರಗಳು ಇಷ್ಟೇ ಇದ್ದರೆ ಸ್ಥಿರ ಪುಟಗಳೇ ಸಾಕು, ಮುಂದೆ ಹೇಳುವ ಯಾವ ಏರ್ಪಾಡೂ ಬೇಕಿಲ್ಲ.

ಮೊದಲು ಲೆಕ್ಕ ಹಾಕಿ

ದುಬಾರಿ ಸರ್ವರ್ (ತಾಣವನ್ನು ಇಟ್ಟುಕೊಂಡು ಕೇಳಿದವರಿಗೆ ಕಳಿಸುವ ಕಂಪ್ಯೂಟರ್) ಕೊಳ್ಳುವ ಮುನ್ನ ಕಾಗದದ ಮೇಲೆ ಒಂದು ಲೆಕ್ಕ ಹಾಕಬೇಕು. ದಿನಕ್ಕೆ 2,000 ಪುಟಗಳನ್ನು ಜನ ತೆರೆಯುತ್ತಾರೆ, ಅದರಲ್ಲಿ ಐದನೇ ಒಂದು ಪಾಲು ಸಂಜೆಯ ಒಂದೇ ಗಂಟೆಯಲ್ಲಿ ಬರುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 400 ಪುಟ ಎಂದರೆ ಒಂಬತ್ತು ಸೆಕೆಂಡಿಗೆ ಒಂದು ಪುಟ. ಸರಿಯಾಗಿ ಬರೆದ ತಂತ್ರಾಂಶಕ್ಕೆ ಒಂದು ಪುಟ ಕಟ್ಟಲು ಅರ್ಧ ಸೆಕೆಂಡ್ ಧಾರಾಳ. ಅಂದರೆ ಅತಿ ಹೆಚ್ಚು ಜನ ಬರುವ ಹೊತ್ತಿನಲ್ಲೂ ಸರ್ವರ್ ಬಹುಪಾಲು ಸುಮ್ಮನೆ ಕುಳಿತಿರುತ್ತದೆ. ಪುಟ್ಟ ತಾಣಗಳು ಯಂತ್ರದ ಬಲ ಸಾಲದೆ ಕೆಡುವುದು ಅಪರೂಪ. ನೋಡಿಕೊಳ್ಳುವವರಿಲ್ಲದೆ ಕೆಡುವುದೇ ಹೆಚ್ಚು. ಆದ್ದರಿಂದ ಪ್ರತಿ ಆಯ್ಕೆಯಲ್ಲೂ ‘ಇದನ್ನು ಮುಂದಿನ ಐದು ವರ್ಷ ಯಾರು ನೋಡಿಕೊಳ್ಳುತ್ತಾರೆ’ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಶೇರ್ಡ್ ಹೋಸ್ಟಿಂಗೋ, ವಿಪಿಎಸ್ಸೋ?

ತಾಣಕ್ಕೆ ಸರ್ವರ್‌ನಲ್ಲಿ ಬಾಡಿಗೆಗೆ ಜಾಗ ಪಡೆಯುವುದೇ ಹೋಸ್ಟಿಂಗ್. ಶೇರ್ಡ್ ಹೋಸ್ಟಿಂಗ್ ವಠಾರದ ಮನೆಯ ಹಾಗೆ: ಒಂದೇ ಸರ್ವರ್‌ನಲ್ಲಿ ನೂರಾರು ತಾಣಗಳಿರುತ್ತವೆ, ನೀರು, ದೀಪ, ಬೀಗದ ಚಿಂತೆ ಮಾಲೀಕರದು. ವಿಪಿಎಸ್‌ನಲ್ಲಿ (ವರ್ಚುವಲ್ ಪ್ರೈವೇಟ್ ಸರ್ವರ್, ಅಂದರೆ ದೊಡ್ಡ ಸರ್ವರೊಂದರಲ್ಲಿ ನಿಮಗೆಂದೇ ಬೇರ್ಪಡಿಸಿದ ಪಾಲು) ಪೂರ್ತಿ ಲಿನಕ್ಸ್ ಯಂತ್ರವೊಂದು ನಿಮ್ಮ ಕೈಗೆ ಬರುತ್ತದೆ, ಅದರ ಜತೆಗೆ ಭದ್ರತಾ ಅಪ್‌ಡೇಟ್, ಫೈರ್‌ವಾಲ್, ಬ್ಯಾಕಪ್ ಎಲ್ಲವೂ ನಿಮ್ಮ ಹೆಗಲೇರುತ್ತವೆ. ಆಜ್ಞೆಗಳನ್ನು ಟೈಪ್ ಮಾಡಿ ಯಂತ್ರ ನಡೆಸುವ ಕಮಾಂಡ್ ಲೈನ್‌ನಲ್ಲಿ ಕೈ ಪಳಗಿದವರು ಒಬ್ಬರಾದರೂ ನಿಮ್ಮ ನಡುವೆ ಇಲ್ಲದಿದ್ದರೆ ಶೇರ್ಡ್ ಹೋಸ್ಟಿಂಗನ್ನೇ ಆರಿಸಿ ಎಂಬುದು ನನ್ನ ಸ್ಪಷ್ಟ ಸಲಹೆ.

ಹಣ ಕಟ್ಟುವ ಮುನ್ನ ಮೊದಲ ವರ್ಷದ ರಿಯಾಯಿತಿ ದರವನ್ನಲ್ಲ, ನವೀಕರಣದ ದರವನ್ನು ಕೇಳಿ. ಇಂಥ ತಾಣಗಳ ತಂತ್ರಾಂಶ ಬರೆಯಲು ಬಳಸುವ ಪಿಎಚ್‌ಪಿ ಭಾಷೆಯ ಯಾವ ಆವೃತ್ತಿ ಸಿಗುತ್ತದೆ ಎಂದೂ ವಿಚಾರಿಸಿ, ಏಕೆಂದರೆ ಅದರ ಪ್ರತಿ ಆವೃತ್ತಿಗೂ ಭದ್ರತಾ ತಿದ್ದುಪಡಿಗಳು ಕೆಲವೇ ವರ್ಷ ಬರುತ್ತವೆ, ಆಮೇಲೆ ನಿಲ್ಲುತ್ತವೆ. ಸರ್ವರ್ ಎಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ: ಅಮೆರಿಕಕ್ಕೆ ಸಂಕೇತ ಹೋಗಿ ಬರಲು ಸುಮಾರು ಕಾಲು ಸೆಕೆಂಡ್ ಬೇಕು, ಸುರಕ್ಷಿತ ಸಂಪರ್ಕ ಏರ್ಪಡುವಷ್ಟರಲ್ಲಿ ಅಂಥ ಹಲವು ಸುತ್ತುಗಳು ಆಗಿರುತ್ತವೆ. ಓದುಗರೆಲ್ಲ ಕರ್ನಾಟಕದವರೇ ಆಗಿದ್ದರೆ ಮುಂಬೈ ಅಥವಾ ಬೆಂಗಳೂರಿನ ಡೇಟಾ ಸೆಂಟರ್ ಆರಿಸುವುದು ಮೇಲು.

ವೆಬ್ ಸರ್ವರ್ ತಂತ್ರಾಂಶ

ಶೇರ್ಡ್ ಹೋಸ್ಟಿಂಗ್‌ನಲ್ಲಿ ಓದುಗರ ಕೋರಿಕೆ ಪಡೆದು ಪುಟ ಕಳಿಸುವ ಈ ತಂತ್ರಾಂಶದ ಆಯ್ಕೆ ನಿಮ್ಮದಲ್ಲ. ಸಾಮಾನ್ಯವಾಗಿ 1995ರಿಂದ ಬಳಕೆಯಲ್ಲಿರುವ ಅಪಾಚಿಯೋ ಅದಕ್ಕೆ ಹೊಂದುವ ಇನ್ನೊಂದೋ ಇರುತ್ತದೆ. ವಿಪಿಎಸ್ ಆದರೆ 2004ರಲ್ಲಿ ಬಂದ ಎಂಜಿನ್‌ಎಕ್ಸ್ ಕಡಿಮೆ ಮೆಮೊರಿಯಲ್ಲಿ ಸಾವಿರಾರು ಸಂಪರ್ಕಗಳನ್ನು ನಿಭಾಯಿಸುತ್ತದೆ. ಕ್ಯಾಡಿ ಎಂಬುದು, ತಾಣದ ಸಂಪರ್ಕವನ್ನು ಸುರಕ್ಷಿತಗೊಳಿಸುವ ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನು ತಾನೇ ಪಡೆದು ತಾನೇ ನವೀಕರಿಸುತ್ತದೆ. ಮೂರರಲ್ಲಿ ಯಾವುದನ್ನು ಹಿಡಿದರೂ ಗ್ರಂಥಾಲಯದ ಕೆಲಸಕ್ಕೆ ಕೊರತೆಯಾಗದು.

ಎಡವುವುದು ಮೆಮೊರಿಯ ಹಂಚಿಕೆಯಲ್ಲಿ. 1 ಜಿಬಿ ವಿಪಿಎಸ್‌ನಲ್ಲಿ ಕಾರ್ಯಾಚರಣೆ ವ್ಯವಸ್ಥೆಗೂ ಡೇಟಾಬೇಸ್‌ಗೂ ಸೇರಿ 500 ಎಂಬಿ ಮೀಸಲಿಟ್ಟರೆ, ಒಂದೊಂದು ಪಿಎಚ್‌ಪಿ ಪ್ರಕ್ರಿಯೆಗೆ (ಒಮ್ಮೆಗೆ ಒಂದು ಪುಟ ಕಟ್ಟುವ ಕೆಲಸಗಾರ ಎನ್ನಿ) 50 ಎಂಬಿಯಂತೆ ಹತ್ತು ಪ್ರಕ್ರಿಯೆಗಳಿಗಷ್ಟೇ ಜಾಗವಿದೆ. ಆ ಮಿತಿಯನ್ನು ಸೆಟ್ಟಿಂಗ್‌ನಲ್ಲಿ ನೀವೇ ಬರೆಯಬೇಕು. ಬರೆಯದಿದ್ದರೆ ಜನ ಒಮ್ಮೆಲೇ ನುಗ್ಗಿದ ದಿನ ಮೆಮೊರಿ ಬರಿದಾಗಿ, ಲಿನಕ್ಸ್ ಹೆಚ್ಚು ಜಾಗ ತಿನ್ನುತ್ತಿರುವ ಪ್ರಕ್ರಿಯೆಯನ್ನು ಹುಡುಕಿ ನಿಲ್ಲಿಸಿಬಿಡುತ್ತದೆ. ಬಹಳ ಸಲ ಅದು ಡೇಟಾಬೇಸೇ ಆಗಿರುತ್ತದೆ.

ಡೇಟಾಬೇಸ್, ಮತ್ತು ಅದರೊಳಗಿನ ಕನ್ನಡ

ಬರೆಯುವವರು ಒಬ್ಬಿಬ್ಬರು, ಓದುವವರು ನೂರಾರು ಎನ್ನುವಂಥ ತಾಣಕ್ಕೆ ಎಸ್‌ಕ್ಯೂಲೈಟ್ ಸಾಕು. ಇಡೀ ಡೇಟಾಬೇಸ್ ಒಂದೇ ಕಡತದಲ್ಲಿರುತ್ತದೆ, ಬೇರೆ ಸರ್ವರ್ ನಡೆಸಬೇಕಿಲ್ಲ; ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು ಎಂಬುದು ಅದರ ಮಿತಿ. ವರ್ಡ್‌ಪ್ರೆಸ್‌ನಂಥ ಸಿದ್ಧ ತಂತ್ರಾಂಶ ಬಳಸುವವರಿಗೆ ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಬೇಕಾಗುತ್ತದೆ.

ಮೈಎಸ್‌ಕ್ಯೂಎಲ್ಲಿನ ಹಳೆಯ ಆವೃತ್ತಿಗಳಲ್ಲಿ ತಾನಾಗಿ ಇರುತ್ತಿದ್ದ ಅಕ್ಷರ ಸಂಹಿತೆ (ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಕ್ರಮ) ಕನ್ನಡ ಹಿಡಿಸದ ಲ್ಯಾಟಿನ್1, 2018ರ 8.0 ಆವೃತ್ತಿಯಿಂದ ಅದು ಕನ್ನಡವನ್ನೂ ಹಿಡಿಸುವ ಯುಟಿಎಫ್‌8ಎಂಬಿ4 ಆಯಿತು. ನಾನು ನೋಡಿಕೊಳ್ಳುತ್ತಿದ್ದ ಸಂಘವೊಂದರ ತಾಣವನ್ನು ಹೊಸ ಹೋಸ್ಟಿಂಗ್‌ಗೆ ಸಾಗಿಸಿದಾಗ ಈ ಒಂದು ಸೆಟ್ಟಿಂಗನ್ನು ನೋಡದೆ ಬಿಟ್ಟೆ. ಮರುದಿನ ಪುಸ್ತಕಗಳ ಹೆಸರಿದ್ದ ಕಡೆಯೆಲ್ಲ ಪ್ರಶ್ನಾರ್ಥಕ ಚಿಹ್ನೆಗಳು ಸಾಲುಗಟ್ಟಿ ನಿಂತಿದ್ದವು. ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಕಂಡರೆ ಮೂಲ ಬೈಟ್‌ಗಳು ಒಳಗೆ ಉಳಿದಿರುವ ಸಾಧ್ಯತೆಯಿದೆ, ಸರಿಪಡಿಸಬಹುದು. ಡೇಟಾಬೇಸ್ ಒಳಗೇ ಪ್ರಶ್ನಾರ್ಥಕ ಚಿಹ್ನೆಗಳು ಕೂತಿದ್ದರೆ ಅಕ್ಷರ ಹೋದಂತೆಯೇ. ಹಳೆಯ ಪ್ರತಿ ಇದ್ದುದರಿಂದ ಅಂದು ಪಾರಾದೆ. ಡೇಟಾಬೇಸ್, ಕೋಷ್ಟಕ, ಸಂಪರ್ಕ ಮೂರರಲ್ಲೂ ಯುಟಿಎಫ್‌8ಎಂಬಿ4 ಇದೆಯೇ ಎಂದು ಪಟ್ಟಿ ಏರಿಸುವ ಮುನ್ನವೇ ನೋಡಬೇಕು.

ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ ಪಟ್ಟಿಯಿದ್ದರೆ ಅದನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಅದಾದ ಮೇಲೂ ಹುಡುಕಾಟವನ್ನು ಪರೀಕ್ಷಿಸಬೇಕು. ‘ಸೂರ್ಯ’ ಎಂಬ ಪದವನ್ನು ಅರ್ಕಾವತ್ತಿನಿಂದಲೂ ಬರೆಯಬಹುದು, ರಕಾರದ ಕೆಳಗೆ ಯಕಾರದ ಒತ್ತು ಕೊಟ್ಟು ‘ಸೂರ‍್ಯ’ ಎಂದೂ ಬರೆಯಬಹುದು. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಸೇರಿರುವುದರಿಂದ ಒಂದು ರೂಪದಲ್ಲಿ ಹುಡುಕಿದವರಿಗೆ ಇನ್ನೊಂದು ಸಿಗದೇ ಹೋಗಬಹುದು. ಉಳಿಸುವಾಗಲೂ ಹುಡುಕುವಾಗಲೂ ಆ ಸಂಕೇತವನ್ನು ತೆಗೆದುಹಾಕಿದ ಪ್ರತಿಯೊಂದನ್ನು ಹೋಲಿಕೆಗೆ ಬಳಸಿದರೆ ಈ ತೊಡಕು ತಪ್ಪುತ್ತದೆ.

ತೆರೆಯುವ ಮುನ್ನ

ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಎಚ್‌ಟಿಟಿಪಿಎಸ್ ಪ್ರಮಾಣಪತ್ರ ಉಚಿತ, ಆದರೆ ಅಲ್ಪಾವಧಿಯದು. ನವೀಕರಣ ತಾನಾಗಿ ಆಗುವಂತೆ ಇಟ್ಟಿರಬೇಕು. ಬ್ಯಾಕಪ್ಪನ್ನು ಅದೇ ಸರ್ವರ್‌ನಲ್ಲಿಟ್ಟರೆ ಸರ್ವರ್ ಹೋದ ದಿನ ಅದೂ ಹೋಗುತ್ತದೆ, ಹಾಗಾಗಿ ಪ್ರತಿ ರಾತ್ರಿ ಇನ್ನೊಂದು ಕಡೆಗೆ ಪ್ರತಿ ಹೋಗಲಿ. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ತೆರೆದು, ನಾಲ್ಕು ಕನ್ನಡ ಹೆಸರುಗಳನ್ನು ಹುಡುಕಿ ನೋಡಿ.

ಡೊಮೈನ್ ಹೆಸರನ್ನು (ತಾಣದ ಅಂತರ್ಜಾಲ ವಿಳಾಸ) ತಾಣ ಕಟ್ಟಿಕೊಟ್ಟ ಹುಡುಗನ ಹೆಸರಿನಲ್ಲಲ್ಲ, ಗ್ರಂಥಾಲಯದ ಹೆಸರಿನಲ್ಲಿ, ಗ್ರಂಥಾಲಯದ ಇಮೇಲ್ ವಿಳಾಸದಲ್ಲೇ ನೋಂದಾಯಿಸಿ. ನವೀಕರಣದ ದಿನಾಂಕವನ್ನು ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕಿಡಿ.